ಗಂಗಾಮೂಲದ ಲಕ್ಷ್ಮೀಬಾಯಿಯ ಜಾಡಿನಲ್ಲಿ

1887ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಚ್ಚಾದ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಪುಸ್ತಕವನ್ನು ಪಂಡಿತಾ ರಮಾಬಾಯಿ ತಮ್ಮ ತಾಯಿಯ ನೆನಪಿಗೆ ಅರ್ಪಿಸಿದ್ದಾರೆ. ಅರ್ಪಣೆಯ ಪುಟದಲ್ಲಿ ಹೆಸರು ಸ್ಪಷ್ಟವಾಗಿದೆ: ಲಕ್ಷ್ಮೀಬಾಯಿ ಡೋಂಗ್ರೆ. ರಮಾಬಾಯಿಯ ಬಗ್ಗೆ ಪುಣೆಯ ಗ್ರಂಥಾಲಯಗಳಲ್ಲಿ ಮರಾಠಿ, ಇಂಗ್ಲಿಷ್ ಪುಸ್ತಕಗಳಿಗೆ ಬರವಿಲ್ಲ. ಅವರನ್ನು ಹೆತ್ತು, ಓದಿಸಿ, ಊರೂರು ಅಲೆದು, ಹಸಿವಿನಲ್ಲಿ ಸತ್ತ ಈ ಹೆಂಗಸಿಗೆ ಮಾತ್ರ ಆ ಪುಸ್ತಕಗಳಲ್ಲಿ ಒಂದೆರಡು ಪುಟ ಸಿಕ್ಕರೆ ಹೆಚ್ಚು. ಆಕೆ ಸಂಸಾರ ಹೂಡಿದ್ದು ನಮ್ಮ ಕರ್ನಾಟಕದ ಘಟ್ಟದ ನೆತ್ತಿಯಲ್ಲಿ, ತುಂಗೆ ಭದ್ರೆ ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಕನ್ನಡದವರಾದ ನಾವೇ ಆಕೆಯನ್ನು ಹುಡುಕದಿದ್ದರೆ ಮತ್ಯಾರು ಹುಡುಕಬೇಕು?

ನಾನಿರುವುದು ಪುಣೆಗೆ ಹತ್ತಿದ ಭೋಸರಿಯಲ್ಲಿ. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ದುಡಿಯಲು ಬಂದ ಕಲಬುರಗಿ, ಬೀದರ, ವಿಜಯಪುರದ ಕಡೆಯವರು ಇಲ್ಲಿ ನೆಲೆಸಿದ್ದಾರೆ. ನನ್ನ ಅಕ್ಕಪಕ್ಕದಲ್ಲಿ ಕೇಳಿಬರುವುದು ಅವರ ಕನ್ನಡವೇ. ಇಂಥ ಕಡೆ ಕೂತು ಹಳೇ ದಾಖಲೆ ಹುಡುಕುವುದು ಈಗ ಮೊದಲಿನಷ್ಟು ಕಷ್ಟವಲ್ಲ. ನೂರಮೂವತ್ತು ವರ್ಷಕ್ಕೂ ಹಿಂದಿನ ಆ ಪುಸ್ತಕದ ಸ್ಕ್ಯಾನು ಪ್ರತಿ ಮೊಬೈಲಿನಲ್ಲೇ ತೆರೆದುಕೊಳ್ಳುತ್ತದೆ. ನಾನು ಹೊರಟದ್ದು ಅಲ್ಲಿಂದ.

ಬಾಲ್ಯವಿವಾಹದ ಕ್ರೌರ್ಯ ಹೇಳುವಾಗ ರಮಾಬಾಯಿ ಒಂದು ಪ್ರಸಂಗ ಕೊಡುತ್ತಾರೆ, ಯಾರ ಹೆಸರನ್ನೂ ಹೇಳದೆ. ಒಬ್ಬ ಬ್ರಾಹ್ಮಣ ಹೆಂಡತಿ ಮಕ್ಕಳೊಂದಿಗೆ ತೀರ್ಥಯಾತ್ರೆಗೆ ಹೊರಟಿದ್ದಾನೆ. ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಒಂಬತ್ತು, ಇನ್ನೊಬ್ಬಳಿಗೆ ಏಳು. ಗೋದಾವರಿಯಲ್ಲಿ ಸ್ನಾನ ಮಾಡುವಾಗ ಲಕ್ಷಣವಾದ ಗಂಡಸೊಬ್ಬ ಕಣ್ಣಿಗೆ ಬೀಳುತ್ತಾನೆ. ಅಪ್ಪ ಕುಲಗೋತ್ರ ವಿಚಾರಿಸುತ್ತಾನೆ, ಆತ ವಿಧುರ ಎಂದು ತಿಳಿಯುತ್ತದೆ. ಅಲ್ಲೇ, ಗಂಟೆಯೊಳಗೆ, ಹಿರಿಯ ಹುಡುಗಿಯನ್ನು ಕೊಡುವ ಮಾತು ಮುಗಿಯುತ್ತದೆ. ಮಾರನೆಯ ದಿನ ಮದುವೆ. ಅದರ ಮಾರನೆಯ ದಿನ ಅಪ್ಪ ಯಾತ್ರೆ ಮುಂದುವರಿಸುತ್ತಾನೆ. ಗುರುತಿಲ್ಲದ ಗಂಡಸಿನ ಹಿಂದೆ ಹುಡುಗಿ ತವರಿನಿಂದ ಸುಮಾರು ಒಂಬೈನೂರು ಮೈಲಿ ದೂರ ಹೋಗುತ್ತಾಳೆ. ಅದೃಷ್ಟಕ್ಕೆ ಆಕೆ ಬಿದ್ದದ್ದು ಒಳ್ಳೆಯವರ ಕೈಗೆ ಎಂದು ಸೇರಿಸುವ ರಮಾಬಾಯಿ, ಮಗಳೇನಾದಳೆಂದು ವಿಚಾರಿಸುವ ಗೋಜಿಗೂ ಹೋಗದ ಆ ತಂದೆಯನ್ನು ಕ್ಷಮಿಸುವುದಿಲ್ಲ.

ಅದೇ ಪುಸ್ತಕಕ್ಕೆ ಮುನ್ನುಡಿ ಬರೆದವರು ರೇಚಲ್ ಬಾಡ್ಲಿ, ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಡೀನ್. ಆನಂದಿಬಾಯಿ ಜೋಶಿ 1886ರಲ್ಲಿ ವೈದ್ಯ ಪದವಿ ಪಡೆದದ್ದು ಇದೇ ಕಾಲೇಜಿನಲ್ಲಿ. ರಮಾಬಾಯಿ ಅಮೆರಿಕಕ್ಕೆ ಹೋದದ್ದೂ ಆ ಸಮಾರಂಭ ನೋಡಲೆಂದೇ. ಬಾಡ್ಲಿ ತಮ್ಮ ಮುನ್ನುಡಿಯಲ್ಲಿ ರಮಾಬಾಯಿಯ ತಂದೆತಾಯಿಯ ಕಥೆ ಹೇಳುತ್ತಾರೆ. ಅದನ್ನೂ ಒಳಗಿನ ಪ್ರಸಂಗವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಗೋದಾವರಿ ದಂಡೆಯ ಹುಡುಗಿ ಬೇರೆ ಯಾರೂ ಅಲ್ಲ, ಲಕ್ಷ್ಮೀಬಾಯಿಯೇ. ವರ ಅನಂತಶಾಸ್ತ್ರಿ ಡೋಂಗ್ರೆ, ನಲವತ್ತು ದಾಟಿದವರು, ಕಾರ್ಕಳದ ಹತ್ತಿರದ ಮಾಳ ಗ್ರಾಮದವರು. ಮೈಲಿಯ ಲೆಕ್ಕವನ್ನು ಮಾತ್ರ ನಾನು ಒಪ್ಪುವುದಿಲ್ಲ. ನಕ್ಷೆಯಲ್ಲಿ ಗೋದಾವರಿಯಿಂದ ಕಾರ್ಕಳದ ತನಕ ಎಷ್ಟು ಸುತ್ತುಹಾದಿ ಹಿಡಿದು ಅಳೆದರೂ ಒಂಬೈನೂರು ಮೈಲಿ ಆಗುವುದು ಕಷ್ಟ. ಆದರೆ ಒಂಬತ್ತು ವರ್ಷದ ಹುಡುಗಿ ನಡೆದ ದಾರಿಯನ್ನು ಮುಂದೆ ಮಗಳಿಗೆ ಹೇಳಿದ್ದು ಆ ಹುಡುಗಿಯೇ ಅಲ್ಲವೇ? ಆಕೆಗೆ ಅಷ್ಟು ದೂರ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಹೆಂಡತಿಗೆ ಸಂಸ್ಕೃತ ಕಲಿಸಬೇಕೆಂಬ ಹಟ ಅನಂತಶಾಸ್ತ್ರಿಗಳಿಗೆ ಹತ್ತಿದ್ದು ಇದೇ ಪುಣೆಯಲ್ಲಿ. ಓದುವ ಹುಡುಗನಾಗಿ ಅವರು ಇಲ್ಲಿಗೆ ಬಂದಿದ್ದರು. ಅವರ ಗುರು ರಾಮಚಂದ್ರಶಾಸ್ತ್ರಿಗಳು ಎರಡನೇ ಬಾಜಿರಾಯ ಪೇಶ್ವೆಯ ಅರಮನೆಗೆ ಹೋಗಿ ಪೇಶ್ವೆಯ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣಿನ ಬಾಯಲ್ಲಿ ಸಂಸ್ಕೃತ ಶ್ಲೋಕ ಕೇಳಿದ ಹುಡುಗ ತನ್ನ ಹೆಂಡತಿಗೂ ಕಲಿಸುವೆನೆಂದು ಊರಿಗೆ ಮರಳಿದ. ಮೊದಲ ಹೆಂಡತಿಯ ಕಾಲದಲ್ಲಿ ಮನೆಯವರು ಬಿಡಲಿಲ್ಲ. ಲಕ್ಷ್ಮೀಬಾಯಿ ಬಂದಾಗಲೂ ವಿರೋಧ ಹಾಗೆಯೇ ಇತ್ತು. ಮಾಧ್ವ ಮತದ ಪೀಠಗಳಿರುವ ಉಡುಪಿಗೆ ಅವರನ್ನು ಕರೆಸಿ ಪಂಡಿತರ ಸಭೆಯ ಮುಂದೆ ನಿಲ್ಲಿಸಿದರು. ಗ್ರಂಥಗಳಿಂದಲೇ ಆಧಾರ ತೋರಿಸಿ, ಹೆಂಗಸರು ಪುರಾಣಸಾಹಿತ್ಯ ಓದುವುದು ತಪ್ಪಲ್ಲವೆಂದು ಅವರು ಸಭೆಯನ್ನು ಒಪ್ಪಿಸಿದರು, ಬಹಿಷ್ಕಾರ ತಪ್ಪಿತು. ವಾದ ಅಷ್ಟೂ ಲಕ್ಷ್ಮೀಬಾಯಿಯ ಓದಿನ ಬಗ್ಗೆ. ಆಕೆಗೆ ಆ ಸಭೆಯಲ್ಲಿ ಬಾಯಿ ಇರಲಿಲ್ಲ.

ಮನೆಯಲ್ಲಿ ಪಾಠ ಸಾಗದು ಎಂದು ಗೊತ್ತಾದಾಗ ಅನಂತಶಾಸ್ತ್ರಿಗಳು ಹುಡುಗಿಯನ್ನು ಕರೆದುಕೊಂಡು ಘಟ್ಟ ಹತ್ತಿದರು. ಮೊದಲ ರಾತ್ರಿಯ ಚಿತ್ರ ಬಾಡ್ಲಿಯ ಮುನ್ನುಡಿಯಲ್ಲಿದೆ. ತಲೆಯ ಮೇಲೆ ಸೂರಿಲ್ಲ. ಕಣಿವೆಯ ಆಚೆ ಹುಲಿ ಅಬ್ಬರಿಸುತ್ತಿದೆ. ಹುಡುಗಿ ಹತ್ತಿಯ ಪಾಸೋಡಿಯನ್ನು ಮೈತುಂಬ ಬಿಗಿದು ಸುತ್ತಿಕೊಂಡು ನೆಲದ ಮೇಲೆ ಗಡಗಡ ನಡುಗುತ್ತ ಬಿದ್ದಿದ್ದಾಳೆ. ಗಂಡ ಬೆಳಗಾಗುವ ತನಕ ಕಾವಲು ಕೂತಿದ್ದಾನೆ. ಬೆಳಕು ಹರಿದ ಮೇಲೆ ಹುಲಿ ಸರಿದುಹೋಯಿತು, ಪಾಠ ಶುರುವಾಯಿತು. ಆಮೇಲೆ ಒಂದು ಗುಡಿಸಲು ಎದ್ದಿತು, ಮಕ್ಕಳು ಹುಟ್ಟಿದರು. ಗದ್ದೆ, ತೋಟ, ದನಕರು ಆದವು. ಶಾಸ್ತ್ರಿಗಳ ಹೆಸರು ಕೇಳಿ ವಿದ್ಯಾರ್ಥಿಗಳು ಬಂದರು, ನದಿಮೂಲ ನೋಡಲು ಯಾತ್ರಿಕರು ಬಂದರು. ಬಂದವರಿಗೆಲ್ಲ ಅಡಿಗೆ ಮಾಡಿ ಬಡಿಸಿದವಳು ಯಾರೆಂದು ಬೇರೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಆ ಘಟ್ಟದ ಕಡೆ ಹೋದವರಿಗೆ ಗೊತ್ತು, ಒಲೆ ಹೊತ್ತಿಸುವುದೇ ಅಲ್ಲಿ ಒಂದು ಸಾಹಸ. ಸೌದೆ ಒಣಗುವುದಿಲ್ಲ, ಕಾಲಿಗೆ ಇಂಬಳ ಹತ್ತುವುದು ನಿಲ್ಲುವುದಿಲ್ಲ. ಅದರ ನಡುವೆ ಈ ಹೆಂಗಸು ಭಾಗವತವನ್ನು ಕಲಿತಳು.

ಈ ಮುನ್ನುಡಿ ಬರೆದ ಬಾಡ್ಲಿ 1831ರಲ್ಲಿ ಹುಟ್ಟಿ ಬೆಳೆದದ್ದು ಓಹಾಯೋದ ಸಿನ್ಸಿನಾಟಿಯಲ್ಲಿ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಜನ ಪಶ್ಚಿಮಕ್ಕೆ ಗುಳೆ ಹೊರಟು ಕಾಡು ಕಡಿದು, ಹುಲ್ಲುಗಾವಲು ಉತ್ತು ಊರು ಕಟ್ಟುತ್ತಿದ್ದ ಸೀಮೆ ಅದು. ಕಾಡಿನ ಮಧ್ಯೆ ಒಂದು ಗುಡಿಸಲು, ಅದರಲ್ಲೊಬ್ಬ ಎಳೆಯ ಹೆಂಡತಿ, ಹೊರಗೆ ಕಾಡುಪ್ರಾಣಿ: ಈ ಕಥೆ ಬಾಡ್ಲಿಗೆ ಪರದೇಶದ್ದಾಗಿ ಕೇಳಿಸಿರಲಾರದು. ಮಗಳ ಬಾಯಿಂದ ಕೇಳಿದ್ದನ್ನು ಅವರು ಮನಸ್ಸಿಟ್ಟು ಬರೆದುಕೊಂಡದ್ದರಿಂದಲೇ ಆ ರಾತ್ರಿ ನಮಗೆ ಉಳಿಯಿತು.

ಅಲ್ಲಿನ ಅಂಥ ಹೆಂಗಸರನ್ನು ಹುಡುಕುವವರಿಗೆ ಸರಕಾರಿ ಕಾಗದದ ಆಸರೆ ಇದೆ. ಅಮೆರಿಕದ ಜನಗಣತಿ 1850ರಿಂದ ಮನೆಯ ಯಜಮಾನನ ಹೆಸರಷ್ಟೇ ಅಲ್ಲದೆ ಸ್ವತಂತ್ರ ಪ್ರಜೆಗಳೆಲ್ಲರ ಹೆಸರನ್ನೂ ಬರೆದುಕೊಂಡಿತು, ಗುಲಾಮರನ್ನು ಬಿಟ್ಟು. 1862ರ ಹೋಮ್‌ಸ್ಟೆಡ್ ಕಾಯಿದೆ ಬಂದಮೇಲೆ ಮದುವೆಯಾಗದ ಹೆಣ್ಣು, ವಿಧವೆ ಕೂಡ 160 ಎಕರೆ ಸರಕಾರಿ ಜಮೀನಿಗೆ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅಲ್ಲೇ ವಾಸವಿದ್ದು, ಸಾಕ್ಷಿಗಳಿಂದ ಹೇಳಿಸಿ, ಪಟ್ಟಾ ಪಡೆಯಬೇಕು. ಆ ಕಡತಗಳಲ್ಲಿ ಮನೆಯ ಅಳತೆ, ಬೆಳೆದ ಪೈರು, ಮಕ್ಕಳ ಸಂಖ್ಯೆ ಎಲ್ಲವೂ ಸಿಗುತ್ತವೆ. ಆ ನೆಲದಿಂದ ಎಬ್ಬಿಸಿದ ಮೂಲನಿವಾಸಿ ಹೆಂಗಸರ ಹೆಸರು ಮಾತ್ರ ಆ ಅರ್ಜಿಗಳಲ್ಲಿ ಇರುವುದಿಲ್ಲ, ಅದು ಬೇರೆ ಸಂಕಟ.

ಗಂಗಾಮೂಲದ ಲಕ್ಷ್ಮೀಬಾಯಿಗೆ ಅಂಥ ಕಡತವೇ ಇಲ್ಲ. ರಮಾಬಾಯಿ ಹುಟ್ಟಿದ 1858ರ ಏಪ್ರಿಲ್‌ನಲ್ಲಿ ಘಟ್ಟದ ಮೇಲಿನ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಘಟ್ಟದ ಕೆಳಗಿನ ಮಾಳ, ಮದ್ರಾಸ್ ಪ್ರಾಂತದ ಕೆನರಾ ಜಿಲ್ಲೆಗೆ ಸೇರಿತ್ತು. ಸಂಸಾರದ ಒಂದು ಕಾಲು ಒಂದು ಸರಕಾರದಲ್ಲಿ, ಇನ್ನೊಂದು ಕಾಲು ಇನ್ನೊಂದರಲ್ಲಿ. ಮೈಸೂರಿನಲ್ಲಿ ಕ್ರಮಬದ್ಧ ಜನಗಣತಿ ನಡೆದದ್ದು 1871ರಲ್ಲಿ. ಅಷ್ಟರಲ್ಲಿ ಇವರು ಕಾಡು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಪುಣೆಯ ಪೇಶ್ವೆ ದಫ್ತರಿನಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಮೋಡಿ ಲಿಪಿಯ ರುಮಾಲುಗಳು ರಾಶಿರಾಶಿ ಇವೆ. ಆದರೆ ಅವು ರಾಜ್ಯದ ಲೆಕ್ಕಪತ್ರ. ಪೇಶ್ವಾಯಿ 1818ಕ್ಕೇ ಮುಗಿದಿತ್ತು. ಅಲ್ಲಿ ಆಕೆಯನ್ನು ಹುಡುಕುವುದರಲ್ಲಿ ಅರ್ಥವಿಲ್ಲ.

ಉಳಿದದ್ದು ಮಗಳ ಬರಹ. 1907ರಲ್ಲಿ ರಮಾಬಾಯಿ ತಮ್ಮ ಬಾಳಿನ ಬಗ್ಗೆ ‘ಎ ಟೆಸ್ಟಿಮನಿ’ ಎಂಬ ಪುಟ್ಟ ಪುಸ್ತಕ ಬರೆದರು. ಅದನ್ನೂ ಬಾಡ್ಲಿಯ ಮುನ್ನುಡಿಯನ್ನೂ ಎದುರುಬದುರು ಇಟ್ಟಾಗ ಒಂದು ಕಡೆ ತಾಳೆಯಾಗಲಿಲ್ಲ. ಬಾಡ್ಲಿಯ ಪ್ರಕಾರ ಮಗಳಿಗೆ ತಾಯಿ ಪಾಠ ಹೇಳಿದ್ದು ಕಾಡಿನ ಮನೆಯಲ್ಲೇ. ಹಗಲಿಡೀ ಮನೆಗೆಲಸ, ಹಾಗಾಗಿ ನಸುಕಿನಲ್ಲಿ ಎದ್ದು, ನಿದ್ದೆಗಣ್ಣಿನ ಕೂಸನ್ನು ನೆಲದ ಹಾಸಿಗೆಯಿಂದ ಎತ್ತಿ, ಮುದ್ದು ಮಾತಾಡಿ ಎಬ್ಬಿಸಿ, ಹಕ್ಕಿಗಳು ಕೂಗುತ್ತಿರುವಾಗ ಪಾಠ. ಪುಸ್ತಕವಿಲ್ಲ, ತಾಯಿಯ ಬಾಯೇ ಪುಸ್ತಕ. ‘ಟೆಸ್ಟಿಮನಿ’ ಹೇಳುವುದು ಬೇರೆ: ಆರು ತಿಂಗಳ ಕೂಸಿದ್ದಾಗಲೇ ರಮಾಬಾಯಿಯನ್ನು ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಘಟ್ಟ ಇಳಿಸಿದರು, ಅಲ್ಲಿಂದ ಯಾತ್ರೆಯ ಬದುಕು ಶುರುವಾಯಿತು, ತಾಯಿ ಪಾಠ ಆರಂಭಿಸಿದ್ದು ಸುಮಾರು ಎಂಟನೆಯ ವಯಸ್ಸಿನಲ್ಲಿ.

ಎರಡೂ ನಿಜವಾಗಲಾರವು. ನಾನು ಮಗಳ ಕೈಬರಹವನ್ನು ನಂಬುತ್ತೇನೆ. ನಸುಕಿನ ಪಾಠ ನಡೆದೇ ಇರಬೇಕು, ಅಂಥ ನೆನಪು ಯಾರೂ ಕಟ್ಟಿ ಹೇಳುವುದಲ್ಲ. ಅದು ನಡೆದದ್ದು ಮಾತ್ರ ಕಾಡಿನ ಮನೆಯಲ್ಲಲ್ಲ, ಯಾವುದೋ ಛತ್ರದ ಜಗುಲಿಯಲ್ಲಿ, ಗುಡಿಯ ಪೌಳಿಯಲ್ಲಿ, ದಾರಿಯ ಮರದ ಕೆಳಗೆ. ಹಾಗೆ ನೋಡಿದರೆ ಲಕ್ಷ್ಮೀಬಾಯಿಯ ಕೆಲಸ ಇನ್ನೂ ದೊಡ್ಡದಾಗಿ ಕಾಣುತ್ತದೆ. ಬಂದವರಿಗೆ ಅನ್ನ ಹಾಕಿ ಸಂಸಾರ ಸಾಲಕ್ಕೆ ಬಿದ್ದಿತ್ತು, ಆಸ್ತಿ ಕೈಬಿಟ್ಟಿತ್ತು. ದೇವಸ್ಥಾನಗಳಲ್ಲಿ ಪುರಾಣ ಓದಿ ಬಂದ ದಕ್ಷಿಣೆಯೇ ಜೀವನ. ನಾಳೆ ಯಾವ ಊರು ಎಂದು ಗೊತ್ತಿಲ್ಲದ ಹೆಂಗಸು ಸಾವಿರಾರು ಶ್ಲೋಕಗಳನ್ನು ಮಗಳಿಗೆ ಬಾಯಿಪಾಠ ಮಾಡಿಸಿದಳು. ಆ ಬಾಯಿಪಾಠವನ್ನೇ ಕೇಳಿ 1878ರಲ್ಲಿ ಕಲಕತ್ತೆಯ ವಿದ್ವಾಂಸರು ಇಪ್ಪತ್ತರ ಹುಡುಗಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟದ್ದು.

ಲಕ್ಷ್ಮೀಬಾಯಿಯ ಸಾವಿನ ವರ್ಷದ ಬಗ್ಗೆಯೂ ಪುಸ್ತಕಗಳಲ್ಲಿ ಒಮ್ಮತವಿಲ್ಲ. ಕೆಲವು 1874 ಎನ್ನುತ್ತವೆ, ಕೆಲವು 1876–78ರ ಮಹಾಕ್ಷಾಮಕ್ಕೆ ಗಂಟುಹಾಕುತ್ತವೆ. ಈ ತೊಡಕಿಗೂ ಮಗಳ ಬರಹದಲ್ಲೇ ದಾರಿ ಇದೆ. 1897ರಲ್ಲಿ ಕ್ಷಾಮದ ಅನುಭವ ಬರೆಯುತ್ತ ರಮಾಬಾಯಿ, ಮದ್ರಾಸ್ ಪ್ರಾಂತದ ಬರ 1876–77ರಲ್ಲಿ ತುತ್ತತುದಿಗೆ ಹೋದರೂ ಅದಕ್ಕೂ ಮೂರು ವರ್ಷ ಮೊದಲೇ ಶುರುವಾಗಿತ್ತು ಎನ್ನುತ್ತಾರೆ. ಅಂದಮೇಲೆ 1874ರ ಸಾವೂ ಬರದ ಸಾವೇ. ಕಣ್ಣು ಕಳೆದುಕೊಂಡಿದ್ದ ಗಂಡ ಮೊದಲು ಹೋದರು, ಹೆಚ್ಚು ದಿನ ಕಳೆಯುವ ಮೊದಲೇ ಲಕ್ಷ್ಮೀಬಾಯಿಯೂ. ಹೆಣ ಹೊರಲು ಜನ ಬರಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಸಿಕ್ಕರು. ಮಗ ಶ್ರೀನಿವಾಸ ಮೂರನೆಯವನು, ರಮಾಬಾಯಿ ನಾಲ್ಕನೆಯ ಹೆಗಲು. ಹುಡುಗಿ ಗಿಡ್ಡ, ಹೆಗಲು ಎಟುಕುವುದಿಲ್ಲ. ಚಟ್ಟದ ತನ್ನ ಮೂಲೆಯನ್ನು ತಲೆಯ ಮೇಲೆ ಹೊತ್ತು ನಡೆದಳು.

1882ರಲ್ಲಿ, ಗಂಡನನ್ನು ಕಾಲರಾಕ್ಕೆ ಕಳೆದುಕೊಂಡ ರಮಾಬಾಯಿ ಎಳೆಗೂಸು ಮನೋರಮಾಳನ್ನು ಕರೆದುಕೊಂಡು ಪುಣೆಗೆ ಬಂದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ನುಡಿದರು. ಹೆಣ್ಣುಮಕ್ಕಳ ಓದಿನ ಬಗ್ಗೆ ಮಾತಾಡಲು ತಮಗೇನು ಹಕ್ಕು ಎಂಬುದಕ್ಕೆ ಅವರು ಕೊಟ್ಟ ಉತ್ತರ, ಆ ಕಾರಣಕ್ಕೆ ಬಹಳ ಕಷ್ಟಪಟ್ಟ ತಂದೆಯ ಮಗಳು ತಾನು ಎಂದು. ಈ ಸಂಸಾರ ಸರಕಾರಿ ಕಾಗದಕ್ಕೆ ಬಂದ ಆ ಮಾತಿನಲ್ಲೂ ಇರುವುದು ತಂದೆ. ಐದು ವರ್ಷ ಕಳೆದು ಫಿಲಡೆಲ್ಫಿಯಾದಲ್ಲಿ ಪುಸ್ತಕ ತರುವಾಗ ಆ ಕೊರತೆ ಮಗಳಿಗೇ ಅನ್ನಿಸಿರಬೇಕು. ಅರ್ಪಣೆಯ ಪುಟಕ್ಕೆ ನಾನು ಅಷ್ಟು ಬೆಲೆ ಕೊಡುವುದು ಅದಕ್ಕೇ.

ಮುಂದಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ: 1889ರಲ್ಲಿ ರಮಾಬಾಯಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಶಾಲೆ, ಮರುವರ್ಷ ಅದು ಪುಣೆಗೆ ಬಂದದ್ದು, ಬರ ಮತ್ತು ಪ್ಲೇಗಿನ ವರ್ಷಗಳಲ್ಲಿ ಕೇಡಗಾಂವಿನ ಮುಕ್ತಿ ಮಿಷನ್. ನಾನು ಹಿಡಿದ ಎಳೆ ಅಲ್ಲಿಂದ ಮತ್ತೆ ಕನ್ನಡ ನಾಡಿಗೆ ತಿರುಗುತ್ತದೆ. 1912ರಲ್ಲಿ ಗುಲ್ಬರ್ಗದಲ್ಲಿ (ಈಗಿನ ಕಲಬುರಗಿ), ಆಗಿನ ನಿಜಾಮರ ರಾಜ್ಯದಲ್ಲಿ, ಹೈಸ್ಕೂಲು ತೆರೆಯಲು ತಾಯಿಗೆ ಒತ್ತಾಸೆಯಾಗಿ ನಿಂತವಳು ಮನೋರಮಾ, ಲಕ್ಷ್ಮೀಬಾಯಿಯ ಮೊಮ್ಮಗಳು. ಪುಣೆಯಿಂದ ಕೇಡಗಾಂವ್, ದೌಂಡ್, ಸೊಲ್ಲಾಪುರ ಹಾಯ್ದು ಕಲಬುರಗಿಗೆ ಹೋಗುವ ರೈಲುದಾರಿ ಆಗಲೂ ಇತ್ತು. ಇಲ್ಲಿನ ನಮ್ಮವರು ಜಾತ್ರೆಗೆ, ಹಬ್ಬಕ್ಕೆ ಊರಿಗೆ ಹೋಗುವುದು ಅದೇ ದಾರಿಯಲ್ಲಿ. ಲೇತ್ ಮಷಿನ್ ಮೇಲೆ ಕೆಲಸ ಮಾಡುವ ಪಕ್ಕದ ಮನೆಯವರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: “ಹೌದೇನ್ರಿ? ಆ ಸಾಲ್ಯಾಗ ನಮ್ಮ ಕಡಿ ಹೆಣ್ಣಮಕ್ಕಳೂ ಕಲತಾರೇನ್ರಿ?” ಶಾಲೆಯ ಹಳೇ ದಾಖಲಾತಿ ಪುಸ್ತಕ ಎಲ್ಲಾದರೂ ಉಳಿದಿದ್ದರೆ ಮೊದಲು ಹುಡುಕಬೇಕಾದದ್ದು ಈ ಪ್ರಶ್ನೆಗೆ ಉತ್ತರ. ಮನೋರಮಾ ಮದುವೆಯಾಗಲಿಲ್ಲ. ಆಕೆ 1921ರ ಜುಲೈಯಲ್ಲಿ ತೀರಿಕೊಂಡಳು, ರಮಾಬಾಯಿ 1922ರ ಏಪ್ರಿಲ್ 5ರಂದು. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿದ ಎಳೆ ಅಲ್ಲಿಗೆ ನಿಂತಿತು.

ಹುಡುಕುವುದಕ್ಕೆ ಇನ್ನೊಂದು ಜಾಗವಿದೆ. ನಾಸಿಕದ ತೀರ್ಥಪುರೋಹಿತರು ತಲೆಮಾರುಗಳಿಂದ ವಹಿ ಇಟ್ಟಿದ್ದಾರೆ. ಯಾತ್ರೆಗೆ ಬಂದ ಕುಟುಂಬದ ಊರು, ಗೋತ್ರ, ಯಜಮಾನ, ಹೆಂಡತಿ ಮಕ್ಕಳ ಹೆಸರು ಉದ್ದನೆಯ ಹಾಳೆಗಳಲ್ಲಿ ಇರುತ್ತವೆ, ಓದುಬರಹ ಬಲ್ಲವರು ತಾವೇ ಬರೆಯುವುದೂ ಉಂಟು. ಡೋಂಗ್ರೆ ಸಂಸಾರ ತೀರ್ಥದಿಂದ ತೀರ್ಥಕ್ಕೆ ನಡೆದ ಸಂಸಾರ, ಲಕ್ಷ್ಮೀಬಾಯಿ ಓದು ಬಲ್ಲ ಹೆಂಗಸು. ನಾಸಿಕದ ಹೆದ್ದಾರಿ ಭೋಸರಿಯ ನಡುವೆಯೇ ಹಾಯ್ದು ಹೋಗುತ್ತದೆ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಗೋದಾವರಿಯ ಘಾಟಿನಲ್ಲಿರಬಹುದು. ಮಾಳ, ಕಾರ್ಕಳ, ಗಂಗಾಮೂಲ, ಮೂರು ಊರಿನ ಹೆಸರನ್ನೂ ದೇವನಾಗರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ವಿಚಾರಣೆಯನ್ನು ಅನಂತಶಾಸ್ತ್ರಿಗಳ ಹೆಸರಿನಿಂದಲೇ ಶುರುಮಾಡಬೇಕು, ವಹಿ ತೆರೆಯುವುದು ಯಜಮಾನನ ಹೆಸರಿಗೆ.