ಇಮೇಲ್ ಎಲ್ಲಿ ಉಳಿಯುತ್ತದೆ? ಪಾಪ್ ಬೇಕೋ, ಐಮ್ಯಾಪ್ ಬೇಕೋ?

‘ಇಮೇಲ್ ಇರುವುದು ಇಂಟರ್ನೆಟ್‌ನಲ್ಲಿ, ಕಂಪ್ಯೂಟರ್ ಹಾಳಾದರೂ ಅದಕ್ಕೇನೂ ಆಗುವುದಿಲ್ಲ’ ಎಂದು ಹಲವರು ನಂಬಿದ್ದಾರೆ. ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಲ್ಲಿ ಪಾಪ್3 ಖಾತೆ ಇಟ್ಟುಕೊಂಡವರ ಮಟ್ಟಿಗೆ ಇದು ಪೂರ್ತಿ ಸುಳ್ಳಾಗಬಹುದು.

ಪಾಪ್ ಬಂದದ್ದು 1984ರಲ್ಲಿ. ಅಂಚೆ ಕಚೇರಿಯಿಂದ ಕಾಗದ ತಂದು ಮನೆಯ ಕಪಾಟಿನಲ್ಲಿಟ್ಟಂತೆ ಇದರ ಕೆಲಸ: ಸರ್ವರ್‌ನಲ್ಲಿರುವ ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ‘ಸರ್ವರ್‌ನಲ್ಲಿ ಪ್ರತಿ ಉಳಿಸು’ ಎಂದು ಹೇಳಿರದಿದ್ದರೆ ಅಲ್ಲಿಂದ ಅಳಿಸಿಬಿಡುತ್ತದೆ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್‌ನಲ್ಲಿ ಕಪಾಟೇ ಸರ್ವರ್‌ನಲ್ಲಿರುತ್ತದೆ. ಫೋನು, ಲ್ಯಾಪ್‌ಟಾಪು ಎಲ್ಲವೂ ಅದನ್ನೇ ತೆರೆದು ನೋಡುತ್ತವೆ.

ಅಂಕೋಲಾದಲ್ಲಿ ಮನೆ, ಕಾರವಾರದಲ್ಲಿ ಕೆಲಸ ಇರುವವರನ್ನು ತೆಗೆದುಕೊಳ್ಳಿ. ಆಫೀಸಿನ ಕಂಪ್ಯೂಟರ್ ಪಾಪ್‌ನಲ್ಲಿ ಮೇಲ್ ಎಳೆದುಕೊಂಡಿದ್ದರೆ ಸಂಜೆ ಬಸ್ಸಿನಲ್ಲಿ ಫೋನ್ ತೆರೆದಾಗ ಇನ್‌ಬಾಕ್ಸ್ ಖಾಲಿ. ಬೈಗುಳ ಮಾತ್ರ ನೆಟ್‌ವರ್ಕಿಗೆ! ಆಫೀಸಿನಿಂದ ಕಳಿಸಿದ ಮೇಲ್‌ಗಳೂ ಫೋನಿನಲ್ಲಿ ಸಿಗುವುದಿಲ್ಲ, ‘ಸೆಂಟ್’ ಫೋಲ್ಡರನ್ನು ಪಾಪ್ ಮುಟ್ಟುವುದೇ ಇಲ್ಲ.

ಅದಕ್ಕಿಂತ ದೊಡ್ಡ ಅಪಾಯ ನಮ್ಮ ಮಳೆಗಾಲದ್ದು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕಾಳಿ, ಗಂಗಾವಳಿ ದಂಡೆಯ ಊರುಗಳಲ್ಲಿ ಮನೆಯೊಳಗೇ ನೀರು ನುಗ್ಗಿತ್ತು. ಸರ್ವರ್‌ನಲ್ಲಿ ಪ್ರತಿ ಇಲ್ಲದೆ ಆ ನೀರಿನಲ್ಲಿ ಮುಳುಗಿದ ಹಾರ್ಡ್ ಡಿಸ್ಕಿನ ಜೊತೆ ಬ್ಯಾಂಕಿನ ಪತ್ರ, ಸಾಲದ ದಾಖಲೆ, ವಿಮೆಯ ರಸೀದಿ ಎಲ್ಲವೂ ಹೋಗುತ್ತವೆ. ಒಂದಕ್ಕಿಂತ ಹೆಚ್ಚು ಸಾಧನ ಬಳಸುವವರಿಗೆ ಐಮ್ಯಾಪ್ ಸಾಕು ಎಂಬುದು ನಮ್ಮ ಅಭಿಪ್ರಾಯ. ಹೋಸ್ಟಿಂಗ್ ಕಂಪನಿ ಕೊಟ್ಟ ಜಾಗ ತೀರಾ ಕಡಿಮೆ, ಬಳಸುವುದೂ ಒಂದೇ ಕಂಪ್ಯೂಟರ್ ಎಂದಾದರೆ ಪಾಪ್ ಇರಲಿ.

ಹಾಗೆಂದು ಐಮ್ಯಾಪನ್ನು ಬ್ಯಾಕಪ್ ಎಂದುಕೊಳ್ಳಬೇಡಿ. ಫೋನಿನಲ್ಲಿ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಜಿಮೇಲ್‌ನ ಕಸದಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಅಷ್ಟೇ. ಜಿಮೇಲ್‌ನ ಉಚಿತ 15 ಜಿಬಿ ಜಾಗವನ್ನು ಡ್ರೈವ್ ಮತ್ತು ಫೋಟೋಗಳೂ ಹಂಚಿಕೊಳ್ಳುತ್ತವೆ. ಅದು ತುಂಬಿದರೆ ಹೊಸ ಮೇಲ್ ಬರುವುದು ನಿಲ್ಲುತ್ತದೆ. ಆಗ ಹಳೆಯ ಮೇಲ್‌ಗಳನ್ನು ಥಂಡರ್‌ಬರ್ಡ್‌ನ ‘ಲೋಕಲ್ ಫೋಲ್ಡರ್ಸ್’ಗೆ ಸರಿಸಬಹುದು. ಸರಿಸಿದ ಮೇಲೆ ಸರ್ವರ್‌ನಲ್ಲಿ ಅವು ಇರುವುದಿಲ್ಲ, ಆದ್ದರಿಂದ ಹೊರಗಿನ ಡಿಸ್ಕಿಗೂ ಒಂದು ಪ್ರತಿ ಹಾಕಿ, ಅದನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಡಬೇಡಿ.

ಪಾಪ್‌ನಿಂದ ಬದಲಾಯಿಸುವವರು ಹಳೆಯ ಖಾತೆಯನ್ನು ಮೊದಲೇ ತೆಗೆಯಬಾರದು. ಅದೇ ವಿಳಾಸವನ್ನು ಐಮ್ಯಾಪ್ ಆಗಿ ಪಕ್ಕದಲ್ಲಿ ಸೇರಿಸಿ (ಸುರಕ್ಷಿತ ಪೋರ್ಟ್ 993), ಹಳೆಯ ಮೇಲ್‌ಗಳನ್ನು ಅದರ ಫೋಲ್ಡರಿಗೆ ನಕಲಿಸಿ. ಅವು ಫೋನಿನಲ್ಲಿ ಕಾಣಿಸಿದ ಮೇಲೆ ಪಾಪ್ ಖಾತೆ ತೆಗೆದರಾಯಿತು.