ಪೆಟ್ ಬಾಟಲಿಯ ಮರುಬಳಕೆ: ಇತಿಹಾಸ

ನೀರು, ತಂಪು ಪಾನೀಯ, ಅಡುಗೆ ಎಣ್ಣೆ ತುಂಬುವ ಪಾರದರ್ಶಕ ಬಾಟಲಿಗಳು ಪಾಲಿಎಥಿಲೀನ್ ಟೆರೆಫ್ತಾಲೇಟ್, ಚಿಕ್ಕದಾಗಿ ಪೆಟ್, ಎಂಬ ಪಾಲಿಮರಿನವು. ಪಾಲಿಯೆಸ್ಟರ್ ಬಟ್ಟೆಯ ನೂಲೂ ಇದೇ ವಸ್ತು. ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್‌ನಲ್ಲಿದ್ದ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ 1941ರಲ್ಲಿ ಇದನ್ನು ರೂಪಿಸಿದರು. ಅನಿಲದ ಒತ್ತಡ ತಾಳುವ ಪೆಟ್ ಬಾಟಲಿಗೆ ಡುಪಾಂಟ್ ಕಂಪನಿಯ ನಥೇನಿಯಲ್ ವೈಯೆತ್ 1973ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಅನೇಕ ಕಡೆ ಪಾನೀಯದ ಗಾಜಿನ ಸೀಸೆಗಳು ಅಂಗಡಿಗೇ ಮರಳುತ್ತಿದ್ದವು; ನಮ್ಮಲ್ಲಿ ಗೋಲಿಸೋಡಾ ಕುಡಿದವರು ಸೀಸೆಯನ್ನು ಅಲ್ಲೇ ಇಟ್ಟು ಬರುತ್ತಿದ್ದರು. ಹಗುರವಾದ, ಒಡೆಯದ ಪೆಟ್ ಬಂದ ಮೇಲೆ ತೊಳೆದು ಮತ್ತೆ ತುಂಬುವ ಪದ್ಧತಿ ಬಹುತೇಕ ಕಡೆ ಕುಸಿಯಿತು. ಇದು ದೊಡ್ಡ ನಷ್ಟ.

ಪೆಟ್ ಬಾಟಲಿಯ ಮರುಬಳಕೆ 1977ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಬಾಟಲಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ, ಚೂರು ಮಾಡಿ, ಬಿಸಿನೀರಿನಲ್ಲಿ ತೊಳೆಯುತ್ತಾರೆ. ಪೆಟ್ ಚೂರು ನೀರಿನಲ್ಲಿ ಮುಳುಗುತ್ತದೆ, ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ; ಹೀಗೆ ಅವೆರಡೂ ಬೇರೆಯಾಗುತ್ತವೆ. ಕರಗಿಸುವಾಗ ತೇವವಿದ್ದರೆ ಪಾಲಿಮರಿನ ಅಣು ಸರಪಳಿಗಳು ತುಂಡಾಗಿ ಮತ್ತೆ ಬಾಟಲಿ ಊದುವಷ್ಟು ಬಲ ಉಳಿಯುವುದಿಲ್ಲ. ಆದ್ದರಿಂದ ಮೊದಲ ವರ್ಷಗಳಲ್ಲಿ ಚೂರು ಬಹುಪಾಲು ನೂಲು, ದಿಂಬಿಗೆ ತುಂಬುವ ನಾರು, ನೆಲಹಾಸುಗಳಾಯಿತು. 1993ರಲ್ಲಿ ಪ್ಯಾಟಗೋನಿಯಾ ಕಂಪನಿ ಬಾಟಲಿ ನೂಲಿನ ಬೆಚ್ಚನೆಯ ಉಡುಪು ಮಾರಿದ್ದು ಪ್ರಸಿದ್ಧ. ಆದರೆ ಹಳೆಯ ಉಡುಪು ಮತ್ತೆ ಮರುಬಳಕೆಗೆ ಬರುವುದು ಅಪರೂಪ. ಈ ದಾರಿಯಲ್ಲಿ ಕಸ ಮುಂದೂಡಲ್ಪಡುತ್ತದೆ, ಇಲ್ಲವಾಗುವುದಿಲ್ಲ. ಸರಪಳಿಯ ಉದ್ದವನ್ನು ಮರಳಿ ಬೆಳೆಸುವ ತಂತ್ರ ಪಳಗಿದ ಮೇಲೆ ಬಾಟಲಿಯಿಂದಲೇ ಬಾಟಲಿ ಮಾಡುವುದು ಉದ್ಯಮವಾಯಿತು. 2016ರಲ್ಲಿ ಜಪಾನಿನ ಸಂಶೋಧಕರು ಪೆಟ್ ಅನ್ನು ಜೀರ್ಣಿಸುವ ಬ್ಯಾಕ್ಟೀರಿಯಾ ವರದಿ ಮಾಡಿದರು. ಪೆಟ್ ಒಡೆಯುವ ಕಿಣ್ವಗಳ ಪ್ರಯೋಗಗಳು ಅಲ್ಲಿಂದ ಚುರುಕಾದವು.

ತಂತ್ರಜ್ಞಾನಕ್ಕಿಂತ ಕಷ್ಟದ್ದು ಸಂಗ್ರಹ. ಅಮೆರಿಕದ ಒರೆಗಾನ್ ರಾಜ್ಯ 1971ರಲ್ಲೇ ಪಾನೀಯದ ಬಾಟಲಿ, ಡಬ್ಬಿಗಳಿಗೆ, ಮರಳಿಸಿದಾಗ ವಾಪಸ್ ಸಿಗುವ ಠೇವಣಿಯ ಕಾನೂನು ತಂದಿತ್ತು. ಜರ್ಮನಿ 2003ರಿಂದ ಒಂದೇ ಸಲ ಬಳಸುವ ಬಾಟಲಿಗೆ 25 ಸೆಂಟ್ ಠೇವಣಿ ಇಡಿಸುತ್ತಿದೆ. ಅಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾಟಲಿಗಳು ಹಿಂತಿರುಗುತ್ತವೆ. ಐರೋಪ್ಯ ಒಕ್ಕೂಟ 2019ರ ನಿರ್ದೇಶನದಲ್ಲಿ 2029ರೊಳಗೆ ಶೇ. 90 ಸಂಗ್ರಹದ ಗುರಿ ಇಟ್ಟಿತು.

ಭಾರತದಲ್ಲಿ ಠೇವಣಿಯಿಲ್ಲದೆಯೂ ಪೆಟ್ ಬಾಟಲಿ ಉಳಿದ ಪ್ಲಾಸ್ಟಿಕ್‌ಗಿಂತ ಹೆಚ್ಚು ಮರಳುತ್ತದೆ. ಅದಕ್ಕೆ ಕಾರಣ ಚಿಂದಿ ಆಯುವವರು ಮತ್ತು ಗುಜರಿ ಅಂಗಡಿಗಳು. ಬೆಂಗಳೂರಿನಲ್ಲಿ ಜಾಲಿ ಮೊಹಲ್ಲಾ, ನಾಯಂಡಹಳ್ಳಿಗಳು ಈ ವ್ಯಾಪಾರದ ಹಳೆಯ ಕೇಂದ್ರಗಳು. ಹಸಿರು ದಳದಂಥ ಸಂಘಟನೆಗಳ ದುಡಿಮೆಯಿಂದ ನಗರದ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಹಲವರು ವಾರ್ಡಿನ ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸುತ್ತಿದ್ದಾರೆ.

ಆಹಾರದ ಪೊಟ್ಟಣಕ್ಕೆ ಮರುಬಳಕೆಯ ಪ್ಲಾಸ್ಟಿಕ್ ಬಳಸಲು ದೇಶದಲ್ಲಿದ್ದ ನಿಷೇಧ 2022ರಲ್ಲಿ ಷರತ್ತುಗಳೊಂದಿಗೆ ಸಡಿಲವಾಯಿತು. ಅದೇ ವರ್ಷದ ಉತ್ಪಾದಕರ ಹೊಣೆಗಾರಿಕೆಯ ನಿಯಮಗಳು ಬಾಟಲಿಯಂಥ ಗಡಸು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಮರುಬಳಕೆಯ ಪಾಲು 2025-26ಕ್ಕೆ ಶೇ. 30, 2028-29ಕ್ಕೆ ಶೇ. 60 ಇರಬೇಕೆಂದವು. ಬಾಟಲಿ ಆಯ್ದು ತರುವವರಿಗೆ ಸಿಗಬೇಕಾದ ದರಕ್ಕೆ ಇಂಥ ಗುರಿ ಯಾವುದೂ ಇಲ್ಲ. ಅದು ನಿಯಮದೊಳಗೆ ಬರಲೇಬೇಕು.