ದೇವತೆಗಳ ಪಾಲು, ಬೊಕ್ಕಸದ ಪಾಲು

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಿಂದ ನಾರಾಯಣಗೂಡಕ್ಕೆ ನಡೆದೇ ಹೋಗಬಹುದು. ಹೈದರಾಬಾದಿನ ಕನ್ನಡಿಗರಿಗೆ ಆ ದಾರಿ ಚಿರಪರಿಚಿತ. ಕೇಶವ ಸ್ಮಾರಕ ಶಾಲೆ, ವೈ.ಎಂ.ಸಿ.ಎ., ಮೇಲ್ಸೇತುವೆ, 2020ರಲ್ಲಿ ಬಂದ ಮೆಟ್ರೊ ನಿಲ್ದಾಣ, ಹೆಸರಿನಿಂದಲೇ ನಮ್ಮನ್ನು ಕರೆಯುವ ಮೇಲ್ಕೋಟೆ ಪಾರ್ಕು – ಇವು ಇಂದಿನ ನಾರಾಯಣಗೂಡದ ಗುರುತುಗಳು. ಹಿಂದಿನ ತಲೆಮಾರಿನವರಿಗೆ ಇನ್ನೊಂದು ಗುರುತೂ ಇತ್ತು. ಅವರ ಬಾಯಲ್ಲಿ ನಾರಾಯಣಗೂಡವೆಂದರೆ ಸರ್ಕಾರಿ ಡಿಸ್ಟಿಲರಿ, ಅಂದರೆ ಸರ್ಕಾರವೇ ನಡೆಸುತ್ತಿದ್ದ ಸಾರಾಯಿ ಭಟ್ಟಿ. ನಿಜಾಮರ ಕಾಲದಿಂದ ಬಂದ ಆ ಭಟ್ಟಿಯ ಹಿಂದೆ ಒಂದು ರಾಜ್ಯದ ಹಣಕಾಸಿನ ಕಥೆಯಿದೆ. ಆ ರಾಜ್ಯದ ಪ್ರಜೆಗಳಾಗಿದ್ದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ನಮ್ಮ ಹಿರಿಯರ ಕಥೆಯೂ ಅದರಲ್ಲಿ ಸೇರಿಕೊಂಡಿದೆ.

ಈ ನೆಲಕ್ಕೆ ಮದ್ಯವೂ ಹೊಸದಲ್ಲ, ಮದ್ಯದ ಕುರಿತ ಕನ್ನಡದ ಮಾತೂ ಹೊಸದಲ್ಲ. ಇಂದು ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪನು 941ರಲ್ಲಿ ಮುಗಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬೆಳದಿಂಗಳ ರಾತ್ರಿಯ ಪಾನಗೋಷ್ಠಿಯೊಂದನ್ನು ಬಹಳ ಸವಿಯಾಗಿ ಚಿತ್ರಿಸುತ್ತಾನೆ. ಎರಡು ಶತಮಾನಗಳ ಅನಂತರ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮದಿರಾಪಾನವು ರಾಜನ ಕ್ರೀಡೆಗಳ ಸಾಲಿನಲ್ಲಿ ನಿಲ್ಲುತ್ತದೆ. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ಹೆಂಡ ಮಾರುವ ಕಾಯಕದ ಶರಣನೊಬ್ಬನಿದ್ದ. ಅವನೇ ಹೆಂಡದ ಮಾರಯ್ಯ. ತನ್ನ ವೃತ್ತಿಯ ಮಾತುಗಳಲ್ಲಿಯೇ ಅವನು ವಚನಗಳನ್ನು ಕಟ್ಟಿದ. ಅರಸನಿಗೆ ಕ್ರೀಡೆಯಾದುದು ಮಾರುವವನಿಗೆ ಆತ್ಮಶೋಧನೆಯಾಯಿತು. ಮದ್ಯದ ಬಗೆಗೆ ಕನ್ನಡವು ಅಂದಿನಿಂದಲೂ ಹೀಗೆ ಎರಡು ದನಿಗಳಲ್ಲಿ ಮಾತನಾಡುತ್ತ ಬಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ಜಿ. ಪಿ. ರಾಜರತ್ನಂ ಅವರು ಎಂಡ್ಕುಡ್ಕ ರತ್ನನನ್ನು ಸೃಷ್ಟಿಸಿದಾಗ ಆ ಎರಡು ದನಿಗಳು ಒಂದೇ ಬಾಯಲ್ಲಿ ಕೂಡಿದವು.

ನಿಜಾಮರ ರಾಜ್ಯಕ್ಕೆ ಬರೋಣ. ಅಲ್ಲಿ ಭೂಕಂದಾಯದ ಅನಂತರ ಬೊಕ್ಕಸಕ್ಕೆ ಆಧಾರವಾಗಿದ್ದ ದೊಡ್ಡ ಬಾಬುಗಳಲ್ಲಿ ಅಬಕಾರಿಯೂ ಒಂದು. ಈಚಲು ತಾಳೆಗಳಿಂದ ಇಳಿಸಿದ ಸೇಂದಿ, ಹಿಪ್ಪೆಯ ಹೂವಿನಿಂದ ಭಟ್ಟಿ ಇಳಿಸಿದ ಸಾರಾಯಿ – ಜನಸಾಮಾನ್ಯರ ಪಾನೀಯಗಳು ಇವೆರಡೇ. ಮೊದಲಿಗೆ ಮಾರಾಟದ ಹಕ್ಕನ್ನು ಹರಾಜು ಹಾಕುತ್ತಿದ್ದರು. ಗುತ್ತಿಗೆ ಹಿಡಿದವನು ಊರೂರಿನಲ್ಲಿ ಭಟ್ಟಿಯಿಟ್ಟು ಕಾಸು ಮಾಡಿಕೊಳ್ಳುತ್ತಿದ್ದ. ಕಲಬುರಗಿ ಕಡೆಯಲ್ಲಿ ಇಂದಿಗೂ ಉಳಿದಿರುವ ‘ಗುತ್ತೇದಾರ’ ಎಂಬ ಅಡ್ಡಹೆಸರು ಆ ಕಾಲದ ನೆನಪು. ಆದರೆ ಊರೂರಿಗೊಂದು ಭಟ್ಟಿಯಿದ್ದಾಗ ಎಷ್ಟು ಇಳಿಸಿದರು, ಎಷ್ಟು ಮಾರಿದರು ಎಂಬುದು ಸರ್ಕಾರಕ್ಕೆ ತಿಳಿಯುವುದಿಲ್ಲ. ಆದುದರಿಂದ ಬ್ರಿಟಿಷ್ ಇಂಡಿಯಾದಲ್ಲಿಯೂ ದೇಶೀಯ ಸಂಸ್ಥಾನಗಳಲ್ಲಿಯೂ ಕ್ರಮೇಣ ಇನ್ನೊಂದು ಪದ್ಧತಿ ಬಂದಿತು. ಸಾರಾಯಿಯನ್ನು ಒಂದು ಕೇಂದ್ರದಲ್ಲಿ ಮಾತ್ರ ಇಳಿಸುವುದು, ಅದರ ಕಸುವನ್ನು ಅಳೆಯುವುದು, ಪೀಪಾಯಿಗೆ ಮುದ್ರೆಯೊತ್ತುವುದು, ಸುಂಕ ಕಟ್ಟಿದ ಮೇಲೆಯೇ ಅಂಗಡಿಗೆ ಬಿಡುವುದು. ಸರ್ಕಾರಿ ಡಿಸ್ಟಿಲರಿಯ ತರ್ಕ ಇದೇ. ಕುಡಿತವನ್ನು ಕಡಿಮೆ ಮಾಡುವುದಕ್ಕಿಂತ ಅದನ್ನು ಲೆಕ್ಕಕ್ಕೆ ತರುವುದು ಅದರ ಮುಖ್ಯ ಕೆಲಸ. 1930ರ ದಶಕದಲ್ಲಿ ಬೋಧನದಲ್ಲಿ ನಿಜಾಂ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ಸಕ್ಕರೆಯ ಬೆನ್ನಿಗೇ ಕಾಕಂಬಿ ಬಂದಿತು. ಹೂವು ಕಾಡಿನಿಂದ ಬರುವವರೆಗೆ ಕಾಯಬೇಕಾಗಿದ್ದ ಭಟ್ಟಿಗಳಿಗೆ ಇನ್ನು ಋತುಮಾನದ ಹಂಗು ಉಳಿಯಲಿಲ್ಲ.

ಈ ಆದಾಯದ ರಾಜಕೀಯ ಮಹತ್ವವನ್ನು ಚೆನ್ನಾಗಿ ಅರಿತಿದ್ದವರು ಹೈದರಾಬಾದ್ ವಿಮೋಚನೆಯ ಹೋರಾಟಗಾರರು. 1947ರಲ್ಲಿ ಸ್ಟೇಟ್ ಕಾಂಗ್ರೆಸ್ಸು ಸತ್ಯಾಗ್ರಹಕ್ಕೆ ಕರೆಯಿತ್ತಾಗ ಸೇಂದಿ ಮರಗಳನ್ನು ಕಡಿಯುವುದೂ ಅದರ ಒಂದು ಭಾಗವಾಯಿತು. ನಮ್ಮ ಜಿಲ್ಲೆಗಳ ಹಳ್ಳಿಗಳಲ್ಲಿಯೂ ಕೊಡಲಿಗಳು ಎದ್ದವು. ಮರ ಬಿದ್ದರೆ ಬೊಕ್ಕಸಕ್ಕೆ ಪೆಟ್ಟು ಎಂಬ ಲೆಕ್ಕ ಅದು. ಅದರ ಜೊತೆಗೆ ಗಾಂಧೀಜಿಯವರ ಪಾನನಿರೋಧದ ನೈತಿಕತೆಯೂ ಬೆರೆತಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಎರಡು ವರ್ಷಗಳಲ್ಲಿ ಜಾರಿಗೆ ಬಂದ ಸಂವಿಧಾನದ 47ನೆಯ ವಿಧಿಯು ಪಾನನಿಷೇಧವನ್ನು ರಾಜ್ಯದ ಗುರಿಗಳಲ್ಲಿ ಸೇರಿಸಿತು. ಹೋರಾಟದಿಂದ ಬಂದ ಡಾ. ಜಿ. ಎಸ್. ಮೇಲ್ಕೋಟೆಯವರು 1952ರ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲದಲ್ಲಿ ಹಣಕಾಸಿನ ಮಂತ್ರಿಗಳಾದರು. ನಾರಾಯಣಗೂಡದ ಉದ್ಯಾನ ಅವರ ಹೆಸರನ್ನೇ ಹೊತ್ತಿದೆ. ಮರ ಕಡಿದವರ ಸರ್ಕಾರವೂ ಅಬಕಾರಿಯ ಆದಾಯವನ್ನು ಬಿಡಲಾರದೆ ಹೋಯಿತು. ಭಟ್ಟಿಯ ಒಲೆ ಆರಲಿಲ್ಲ. ಹೋರಾಟಗಾರನ ಹೆಸರಿನ ಉದ್ಯಾನ, ಸರ್ಕಾರದ ಸಾರಾಯಿ ಭಟ್ಟಿ – ಇವೆರಡೂ ಒಂದೇ ಬಡಾವಣೆಯ ನೆನಪುಗಳಾಗಿ ಉಳಿದವು.

ಅದೇ 1948ರಲ್ಲಿ ಬೆಂಗಳೂರಿನಲ್ಲಿ ಜೆ. ಎನ್. ರಾಧಾಕೃಷ್ಣ ಜಗದಾಳೆಯವರು ಅಮೃತ್ ಡಿಸ್ಟಿಲರೀಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ರಮ್ಮು, ಬ್ರಾಂದಿಗಳು ಅದರ ಮೊದಲ ಸರಕುಗಳು. ಸೈನ್ಯದ ಕ್ಯಾಂಟೀನು ಅದರ ದೊಡ್ಡ ಗಿರಾಕಿ. ನಮ್ಮ ದೇಶದಲ್ಲಿ ವಿಸ್ಕಿಯೆಂದು ಮಾರಾಟವಾಗುವುದರಲ್ಲಿ ಬಹುಪಾಲು ಕಾಕಂಬಿಯ ಮದ್ಯಸಾರಕ್ಕೆ ಬಣ್ಣ ರುಚಿ ಕೂಡಿಸಿದ್ದು. ಯುರೋಪಿನ ಕಾನೂನು ಇದನ್ನು ವಿಸ್ಕಿಯೆಂದು ಒಪ್ಪುವುದಿಲ್ಲ. ಅಲ್ಲಿ ವಿಸ್ಕಿ ಧಾನ್ಯದಿಂದಲೇ ಆಗಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಲಗಬೇಕು. ಎರಡನೆಯ ತಲೆಮಾರಿನ ನೀಲಕಂಠ ರಾವ್ ಜಗದಾಳೆಯವರ ಕಾಲದಲ್ಲಿ ಸಂಸ್ಥೆ ಮೊಳೆಯಿಸಿದ ಬಾರ್ಲಿಯಿಂದ ಮದ್ಯವಿಳಿಸತೊಡಗಿತು. ಬಾರ್ಲಿ ಬಂದದ್ದು ಉತ್ತರ ಭಾರತದ ಹೊಲಗಳಿಂದ. ಭಟ್ಟಿ ಮೈಸೂರು ರಸ್ತೆಯ ಕಂಬೀಪುರದಲ್ಲಿ. 2004ರ ಆಗಸ್ಟ್ 24ರಂದು ಆ ಸಿಂಗಲ್ ಮಾಲ್ಟ್ ವಿಸ್ಕಿ ಮೊದಲು ಮಾರುಕಟ್ಟೆಗೆ ಬಂದದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಮುಂದೆ ವಿಮರ್ಶಕ ಜಿಮ್ ಮರ್ರೆಯವರು ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಅಮೃತ್ ಫ್ಯೂಷನ್ ಎಂಬ ವಿಸ್ಕಿಯನ್ನು ಜಗತ್ತಿನಲ್ಲಿ ಮೂರನೆಯದೆಂದು ಎಣಿಸಿದರು.

ಇಲ್ಲಿ ಹವೆಯ ಪಾತ್ರ ದೊಡ್ಡದು. ಮರದ ಪೀಪಾಯಿಯಲ್ಲಿಟ್ಟ ವಿಸ್ಕಿ ಸದಾ ಆವಿಯಾಗುತ್ತಿರುತ್ತದೆ. ಕಳೆದುಹೋದ ಆ ಅಂಶವನ್ನು ಸ್ಕಾಟ್‌ಲೆಂಡಿನವರು ದೇವತೆಗಳ ಪಾಲು ಎಂದು ಕರೆಯುತ್ತಾರೆ. ಅಲ್ಲಿಯ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಹೋದರೆ, ಬೆಂಗಳೂರಿನಲ್ಲಿ ಹತ್ತು ಹನ್ನೆರಡರಷ್ಟು ಹೋಗುತ್ತದೆ. ನೂರು ಲೀಟರು ತುಂಬಿಟ್ಟರೆ ಎಂಟು ವರ್ಷಗಳ ಅನಂತರ ಅಲ್ಲಿ 85 ಲೀಟರು ಉಳಿದೀತು. ವರ್ಷಕ್ಕೆ ಹತ್ತರ ಲೆಕ್ಕದಲ್ಲಿ ಇಲ್ಲಿ ಉಳಿಯುವುದು 43. ಹನ್ನೆರಡು ವರ್ಷಕ್ಕೆ ಅಲ್ಲಿ 78, ಇಲ್ಲಿ ಬರಿಯ 28. ಸೆಕೆಗೆ ಮದ್ಯವು ಮರದ ಸತ್ತ್ವವನ್ನು ಬೇಗ ಹೀರಿಕೊಂಡು ಬೇಗ ಹದಕ್ಕೆ ಬರುತ್ತದೆ. ಅಷ್ಟೇ ಬೇಗ ಇಲ್ಲವಾಗುತ್ತದೆ. ಇದನ್ನು ಬಲ್ಲ ಅಮೃತ್ ಸಂಸ್ಥೆ ತನ್ನ ಹಳೆಯ ಪೀಪಾಯಿಗಳ ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’, ಅಂದರೆ ದುರಾಸೆಯ ದೇವತೆಗಳು ಎಂದೇ ಹೆಸರಿಟ್ಟಿತು. 2013ರಲ್ಲಿ ಬಂದ ಎಂಟು ವರ್ಷದ ಮೊದಲ ಆವೃತ್ತಿಯಲ್ಲಿ ಇದ್ದದ್ದು 144 ಬಾಟಲಿ ಮಾತ್ರ. ಸಮುದ್ರಮಥನದ ಕಥೆಯನ್ನು ಕೇಳಿ ಬೆಳೆದವರಿಗೆ ಈ ವಿನೋದ ಬೇಗ ತಿಳಿಯುತ್ತದೆ. ಅಮೃತವನ್ನು ಕಡೆದು ತೆಗೆದವರು ಅನೇಕರು, ಉಂಡವರು ದೇವತೆಗಳು.

ಆ ಹೆಸರಿನ ವಿಸ್ಕಿಯ ಮುಂದಿನ ಆವೃತ್ತಿಯೊಂದರ ಬಾಟಲಿ ನಮ್ಮ ಮನೆತನಕ್ಕೂ ಬಂದಿತ್ತು. ಲಂಡನ್ನಿನಲ್ಲಿರುವ ಅಳಿಯ ತಂದುಕೊಟ್ಟದ್ದು. ಒಳ್ಳೆಯ ದಿನವೊಂದು ಬರಲಿ ಎಂದು ಸೋದರಮಾವನವರು ನಾಲ್ಕು ವರ್ಷ ಅದನ್ನು ಬೀರುವಿನಲ್ಲಿಟ್ಟಿದ್ದರು. ನಾರಾಯಣಗೂಡದ ಅವರ ಮನೆಯಲ್ಲಿ ಎಪ್ಪತ್ತನೆಯ ಹುಟ್ಟುಹಬ್ಬ ನಡೆದ ದಿನ, ಹೋಳಿಗೆ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಸಂಜೆ ಅದರ ಬಿರಡೆ ತೆರೆಯಿತು. ಏಳು ಲೋಟ, ಒಂದೊಂದರಲ್ಲಿ ಎರಡು ಗುಟುಕಾಗುವಷ್ಟು. ಮೊದಲು ಒಣದ್ರಾಕ್ಷಿಯ ಪರಿಮಳ. ನಾಲಿಗೆಯ ಮೇಲೆ ಬೆಲ್ಲದ ಪಾಕ ಕಡುವಾಗಿ ಕಾಯ್ದಂತಹ ಕಹಿಸಿಹಿ. ಒಂದೆರಡು ಹನಿ ನೀರು ಬಿದ್ದೊಡನೆ ಹಳೆಯ ಮರದ ಪೆಟ್ಟಿಗೆ ತೆರೆದ ವಾಸನೆ. ನುಂಗಿದ ಮೇಲೆ ಬಹಳ ಹೊತ್ತು ಎದೆಯಲ್ಲಿ ಉಳಿಯುವ ಬಿಸುಪು. ಅದು ಉತ್ಕೃಷ್ಟವಾಗಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಮಾವನವರು ಲೋಟವನ್ನು ಅತ್ತೆಯವರ ಮುಂದೆ ಹಿಡಿದರು. ಅತ್ತೆಯವರು ರಾಯಚೂರು ಜಿಲ್ಲೆಯ ಹಳ್ಳಿಯವರು. ಅವರ ತಂದೆ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದರು. ಅಡತಿಗೂ ಮನೆಗೂ ನಡುವೆ ಸಾರಾಯಿ ಅಂಗಡಿ. ಬಟವಾಡೆಯ ದಿನ ಅತ್ತೆಯವರ ತಾಯಿ ಮಕ್ಕಳನ್ನು ಕಟ್ಟಿಕೊಂಡು ಅಡತಿಯ ಬಾಗಿಲಲ್ಲೇ ನಿಲ್ಲುತ್ತಿದ್ದರಂತೆ. ಅತ್ತೆ ಮೂಸಿ ನೋಡಿ ಹೇಳಿದರು: “ವಾಸನಿ ಚಂದ ಅದ. ಅದಕ್ಕ ಅಂಜಿಕಿ ಬರ್ತದ.” ಸ್ವಲ್ಪ ಸುಮ್ಮನಿದ್ದು ಮತ್ತೆ ಹೇಳಿದರು: “ನಮ್ಮಪ್ಪ ಕುಡೀತಿದ್ದದ್ದಕ್ಕ ಇಂಥಾ ಹೆಸರೂ ಇದ್ದಿಲ್ಲ, ವಯಸ್ಸೂ ಇದ್ದಿಲ್ಲ.”

ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ; ಹಬ್ಬವನ್ನು ಕೆಡಿಸುವ ಇಚ್ಛೆಯೂ ಇರಲಿಲ್ಲ. ಆದರೆ ಇತಿಹಾಸದ ಒಂದು ಮುಖ್ಯ ಸಂಗತಿಯನ್ನು ಅದು ಮುಟ್ಟಿತ್ತು. ಸಾರಾಯಿಗೂ ಈ ವಿಸ್ಕಿಗೂ ಇರುವ ಅಂತರ ಬಾರ್ಲಿಗೂ ಕಾಕಂಬಿಗೂ ಇರುವ ಅಂತರ ಮಾತ್ರವಲ್ಲ. ಅದು ಕಾಲದ ಅಂತರ. ಒಂದು ಮದ್ಯ ಎಂಟು ಹತ್ತು ವರ್ಷ ಕಾಯಬಲ್ಲುದು, ಏಕೆಂದರೆ ಅದರ ಒಡೆಯನಿಗೆ ಕಾಯುವ ಬಂಡವಾಳವಿದೆ. ಅದನ್ನು ಕೊಂಡವನಿಗೂ ಒಳ್ಳೆಯ ದಿನಕ್ಕಾಗಿ ನಾಲ್ಕು ವರ್ಷ ಕಾಯುವ ನೆಮ್ಮದಿಯಿದೆ. ಇನ್ನೊಂದು ಇಳಿಸಿದ ಕೆಲದಿನಗಳಲ್ಲಿಯೇ ಮಾರಾಟವಾಗಬೇಕು, ಕೂಲಿ ಸಿಕ್ಕ ದಿನವೇ ಕುಡಿದು ಮುಗಿಯಬೇಕು, ಹರಾಜಿನ ಕಂತು ಹೊತ್ತಿಗೆ ಸರಿಯಾಗಿ ಬೊಕ್ಕಸಕ್ಕೆ ಸೇರಬೇಕು. ವಯಸ್ಸು ಮದ್ಯಕ್ಕೆ ಬೆಲೆ ತರುತ್ತದೆ; ಹಮಾಲನ ಕುಡಿತ ಅವನ ಮನೆಯವರ ವಯಸ್ಸನ್ನೇ ತಿನ್ನುತ್ತದೆ. ಅಲ್ಲಿ ಆವಿಯಾದದ್ದನ್ನು ದೇವತೆಗಳ ಪಾಲೆಂದು ನಗುತ್ತ ಕರೆಯುತ್ತೇವೆ. ಹಮಾಲನ ಕೂಲಿಯಿಂದ ಆವಿಯಾದುದಕ್ಕೆ ಅಂತಹ ಚೆಲುವಾದ ಹೆಸರಿಲ್ಲ. ಆಯವ್ಯಯದ ಪುಸ್ತಕದಲ್ಲಿ ಅದು ಅಬಕಾರಿ ಎಂಬ ತಲೆಬರಹದಡಿ ಜಮೆಯಾಗಿದೆ.

ಆ ಜಮೆಯ ವಿರುದ್ಧ ಎದ್ದು ನಿಂತವರು ಹೆಣ್ಣುಮಕ್ಕಳು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಮಹಿಳೆಯರು ಸಾರಾಯಿ ಅಂಗಡಿಗಳನ್ನು ಮುಚ್ಚಿಸಿದರು. ಚಳವಳಿ ಆಂಧ್ರಪ್ರದೇಶದ ಉದ್ದಗಲಕ್ಕೂ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಸಾರಾಯಿ ನಿಂತಿತು. 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧ ಬಂದಿತು. ಖಜಾನೆ ಅದನ್ನು ಎರಡೇ ವರ್ಷ ತಾಳಿಕೊಂಡಿತು. 1997ರಲ್ಲಿ ನಿಷೇಧ ಸಡಿಲಗೊಂಡು ವಿಸ್ಕಿ ಬ್ರಾಂದಿಗಳು ಮರಳಿದವು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅಲ್ಲಿಯೂ ಬೇರೆ ಮದ್ಯಗಳ ಆದಾಯ ಬೆಳೆಯುತ್ತಲೇ ಬಂದಿದೆ. ಹೆಸರು, ಬಾಟಲಿ, ಬಣ್ಣ ಬದಲಾದವು. ಬಡವನ ಲೋಟದ ಮೇಲೆ ಸರ್ಕಾರಕ್ಕಿರುವ ಅವಲಂಬನೆ ಮಾತ್ರ ನಿಜಾಮರ ಕಾಲದಷ್ಟೇ ಗಟ್ಟಿಯಾಗಿ ಉಳಿದಿದೆ.

ಹೊರನಾಡಿನಲ್ಲಿರುವ ನಮಗೆ ತವರಿನ ಯಾವ ಕೀರ್ತಿಯೂ ಪ್ರಿಯ. ಕಂಬೀಪುರದ ಭಟ್ಟಿ ಸ್ಕಾಟ್‌ಲೆಂಡಿನ ಮುಂದೆ ತಲೆಯೆತ್ತಿ ನಿಂತಿತೆಂದರೆ ಹೆಮ್ಮೆ ಪಡುವುದರಲ್ಲಿ ತಪ್ಪಿಲ್ಲ. ಅದು ಕುಶಲಕರ್ಮಿಗಳ ತಾಳ್ಮೆಗೆ ಸಂದ ಮನ್ನಣೆ. ಆದರೆ ಕನ್ನಡದ ಮದ್ಯದ ಇತಿಹಾಸವನ್ನು ಬರೆಯುವವರು ಗ್ಲಾಸ್ಗೋದಿಂದ ಆರಂಭಿಸಿದರೆ ಅರ್ಧ ಪುಸ್ತಕವನ್ನು ಮಾತ್ರ ಬರೆದಂತೆ. ಉಳಿದರ್ಧ ರಾಯಚೂರಿನ ಅಡತಿಯ ಬಾಗಿಲಲ್ಲಿ, ಕಡಿದುಬಿದ್ದ ಸೇಂದಿ ಮರಗಳ ಬುಡದಲ್ಲಿ, ನಾರಾಯಣಗೂಡದ ಭಟ್ಟಿಯ ದಫ್ತರಗಳಲ್ಲಿ ಇದೆ. ಕಲ್ಯಾಣದಲ್ಲಿ ‘ಮಾನಸೋಲ್ಲಾಸ’ದ ದೊರೆಯೂ ಹೆಂಡದ ಮಾರಯ್ಯನೂ ಒಂದೇ ಶತಮಾನದಲ್ಲಿ ಬಾಳಿದರು. ದೊರೆಯ ಪಾನಕ್ರೀಡೆಯನ್ನು ಓದುವಾಗ ಮಾರಯ್ಯನ ವಚನಗಳನ್ನೂ ಪಕ್ಕದಲ್ಲಿಟ್ಟುಕೊಂಡರೆ ಆ ಊರಿನ ಚಿತ್ರ ಪೂರ್ಣವಾಗುತ್ತದೆ.